ಕೋಲಾರದಲ್ಲಿ ಮಾಡಿಸಿದ ಸೈಡ್‌ಕಾರ್ ಮೋಟೋಕ್ರಾಸ್ ಗಾಡಿ: ಎರಡು ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಬುಲೆಟ್ ಪಕ್ಕಕ್ಕೆ ತೊಟ್ಟಿಲು ಕಟ್ಟಿದಂಥ ಗಾಡಿ ಅಲ್ಲ. ಟಮಕ ಕಡೆಯ ಒಂದು ಫ್ಯಾಬ್ರಿಕೇಶನ್ ಶಾಪ್‌ನಲ್ಲಿ ಸೈಡ್‌ಕಾರ್ ಮೋಟೋಕ್ರಾಸ್, ಅಂದರೆ ಮಣ್ಣಿನ ಹಾದಿಯಲ್ಲಿ ಇಬ್ಬರು ಕೂಡಿ ಓಡಿಸುವ ಮೂರು ಚಕ್ರದ ಗಾಡಿಗಳ ರೇಸಿಗೆ ಅಂತಲೇ ಮಾಡಿಸಿದ್ದು. ಬೈಕು, ಸೈಡ್‌ಕಾರು ಎರಡಕ್ಕೂ ಒಂದೇ ಚಾಸಿ, ಸೀಮ್‌ಲೆಸ್ ಪೈಪಿನದು. ಪಕ್ಕದವನಿಗೆ ಸೀಟಿಲ್ಲ. ನಿಲ್ಲಲು ಒಂದು ಅಟ್ಟಣೆ, ಹಿಡಿಯಲು ಪೈಪು, ಅಷ್ಟೇ.

ಎಂಜಿನ್ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ ಹಳೆಯ 411 ಸಿಸಿ. 1980ರಿಂದ ನಡೆಯುತ್ತಿರುವ ಈ ರೇಸಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಓಡುವ ಝಾಬೆಲ್ ಕಂಪನಿಯ ಟೂ-ಸ್ಟ್ರೋಕ್ ಎಂಜಿನ್‌ಗಳು 700 ಸಿಸಿ ಹತ್ತಿರ. ಅವುಗಳ ಮುಂದೆ ನಮ್ಮ 24 ಎಚ್‌ಪಿ ಯಾವ ಲೆಕ್ಕ? ಆದರೆ 32 ಎನ್‌ಎಂ ಟಾರ್ಕ್ 4,500 ಆರ್‌ಪಿಎಂ ಒಳಗೇ ಸಿಗುತ್ತದೆ. ರೇಡಿಯೇಟರ್ ಇಲ್ಲ, ಆಯಿಲ್ ಕೂಲರ್‌ನ ಕೆಸರು ತೊಳೆದರೆ ಸಾಕು. ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿಸಿದರೂ ಏರಿನಲ್ಲಿ ಏದುಸಿರು ಬಿಡುತ್ತದೆ, ಅದು ನಿಜ.

ಕೊಟ್ಟ ದುಡ್ಡು ವಸೂಲಾಗಿರೋದು ಮುಂದಿನ ಫೋರ್ಕ್‌ನಲ್ಲಿ. ಮೂರು ಚಕ್ರದ ಗಾಡಿ ತಿರುವಿನಲ್ಲಿ ಬೈಕಿನ ಹಾಗೆ ವಾಲಲ್ಲ, ಅಡ್ಡ ಒತ್ತಡವೆಲ್ಲ ಫೋರ್ಕ್ ಮೇಲೇ ಬೀಳುತ್ತದೆ. ಮಾಮೂಲಿ ಟೆಲಿಸ್ಕೋಪಿಕ್ ಆದರೆ ತಿರುಚಿಕೊಳ್ಳುತ್ತದೆ. ಅದಕ್ಕೇ ಲೀಡಿಂಗ್ ಲಿಂಕ್ ಮಾಡಿಸಿದ್ದು, ಅಂದರೆ ಕೀಲಿನಿಂದ (ಪಿವಟ್) ಮುಂದಕ್ಕೆ ಚಾಚಿದ ತೋಳುಗಳು ಚಕ್ರವನ್ನು ಹಿಡಿಯುವ ಫೋರ್ಕ್. ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷದ ಗೆರೆ ನೆಲ ಮುಟ್ಟುವ ಜಾಗದಿಂದ ಟೈರು ನೆಲ ಮುಟ್ಟುವ ಜಾಗಕ್ಕಿರುವ ಅಂತರ) ಕಡಿಮೆ ಇರುವುದರಿಂದ ಹ್ಯಾಂಡಲ್ ಹಗುರ, ಸಂಜೆಗೆ ರಟ್ಟೆ ನೋಯಲ್ಲ. ಒಂದೇ ಕಾಟ, ಪಿವಟ್‌ನ ಗನ್‌ಮೆಟಲ್ ಬುಷ್, ಅಂದರೆ ಕೀಲಿನೊಳಗೆ ಕೂರುವ ಲೋಹದ ಬಳೆ. ನಮ್ಮ ಕೆಂಪು ಧೂಳು ಗ್ರೀಸ್ ಜೊತೆ ಸೇರಿ ಬುಷ್ಷನ್ನು ಅರೆದುಬಿಡುತ್ತದೆ. ಮುಂದಿನ ಚಕ್ರ ಎತ್ತಿ ಅಡ್ಡಕ್ಕೆ ಅಲ್ಲಾಡಿಸಿದಾಗ ಟಕ್ ಅಂದರೆ ಬದಲಾಯಿಸುವ ಹೊತ್ತು ಬಂತು ಅಂತಲೇ ಲೆಕ್ಕ.

ಶಾಪ್‌ನವರು ಹಳೇ ಬುಲೆಟ್ ಅಭ್ಯಾಸದಲ್ಲಿ ಸೈಡ್‌ಕಾರನ್ನು ಎಡಕ್ಕೇ ಕೂರಿಸಿದರು. ಸೈಲೆನ್ಸರ್ ಬಲಕ್ಕಿದೆ, ಹಾಗಾಗಿ ಪಕ್ಕದವನ ಕಾಲು ಸುಡಲ್ಲ. ಆದರೆ ಚೈನೂ ಎಡಕ್ಕೇ ಅಲ್ವಾ! ಟೈಟ್ ಮಾಡಬೇಕಾದರೆ ಅಟ್ಟಣೆ ಕೆಳಗೆ ಮಲಗಿ, ಪೈಪುಗಳ ಸಂದಿಯಲ್ಲಿ ಸ್ಪ್ಯಾನರ್ ತೂರಿಸಬೇಕು. ಅಟ್ಟಣೆಯ ಅರ್ಧ ಭಾಗವಾದರೂ ಬಿಚ್ಚುವ ಹಾಗೆ ಮಾಡಿಕೊಡಿ ಎಂದು ಕೇಳಿದೆ. ಆಗಲಿ ಅಂದವರು ಇನ್ನೂ ಫೋನ್ ಎತ್ತಿಲ್ಲ.

ಟೋ-ಇನ್ (ಸೈಡ್‌ಕಾರಿನ ಚಕ್ರ ಮುಂದುಗಡೆ ಬೈಕಿನತ್ತ ತುಸು ವಾರೆಯಾಗಿರುವ ಅಳತೆ) ಕೂಡ ಗಾಡಿ ಕೊಟ್ಟಾಗ ಸರಿ ಇರಲಿಲ್ಲ. ಎರಡು ನೇರ ಚೌಕ ಪೈಪುಗಳನ್ನು ಚಕ್ರಗಳಿಗೆ ಒತ್ತಿ ಹಿಡಿದು, ಹಿಂದೆ ಮುಂದೆ ಟೇಪ್ ಹಿಡಿದು ನಾವೇ ಹೊಂದಿಸಿದೆವು. ಆಕ್ಸಿಲರೇಟರ್ ಕೊಟ್ಟಾಗ ಎಡಕ್ಕೆ, ಬ್ರೇಕ್ ಹಿಡಿದಾಗ ಬಲಕ್ಕೆ ಎಳೆಯೋದು ಮಾತ್ರ ಈ ಗಾಡಿಯ ಜಾತಿಗುಣ. ಅದಕ್ಕೆ ಸುಮ್ನೆ ಶಾಪ್‌ನವರನ್ನು ಬೈಯಬೇಡಿ.

ಗಾಡಿಗಿಂತ ಕಷ್ಟ ಜೊತೆಗಾರ ಸಿಗೋದು. ಎಡ ತಿರುವಿನಲ್ಲಿ ಅವನು ನೆಲಕ್ಕೆ ಬೆನ್ನು ತಾಗುವಷ್ಟು ಹೊರಗೆ ಬಾಗಬೇಕು, ಬಲ ತಿರುವಿನಲ್ಲಿ ನನ್ನ ಬೆನ್ನ ಹಿಂದೆ ಬಂದು ಹಿಂದಿನ ಚಕ್ರದ ಮೇಲೆ ಭಾರ ಹಾಕಬೇಕು. ನನ್ನ ಭಾವಮೈದ "ಭಾವ, ಹೇಳಿ ತಿರುಗಿಸಿ" ಅಂತ ಈಗಲೂ ಕೂಗುತ್ತಾನೆ. ಹಿಡಿಯುವ ಪೈಪುಗಳನ್ನು ಅವನ ಅಳತೆಗೇ ಬೆಸುಗೆ ಹಾಕಿಸಿದ್ದು ಒಳ್ಳೆಯದಾಯಿತು. ನೀವು ಮಾಡಿಸೋದಾದರೆ ಜೊತೆಗಾರನನ್ನೂ ಶಾಪ್‌ಗೆ ಕರೆದುಕೊಂಡು ಹೋಗಿ, ಅಟ್ಟಣೆ ಮೇಲೆ ಬಾಗಿಸಿ ನೋಡಿ.

ರಸ್ತೆಗೆ ಇಳಿಸುವ ಹಾಗಿಲ್ಲ, ರಿಜಿಸ್ಟ್ರೇಶನ್ ಇಲ್ಲ. ಬೊಲೆರೊ ಪಿಕಪ್ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊದಲು ಊರಾಚೆ ಒಣಗಿದ ಕೆರೆ ಅಂಗಳವೇ ನಮ್ಮ ಟ್ರ್ಯಾಕ್ ಆಗಿತ್ತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಅಲ್ಲಿಗೂ ಬಂತು, ರೈತರಿಗೆ ಖುಷಿ. ನಾವೀಗ ಪರಿಚಯದವರೊಬ್ಬರು ನೀಲಗಿರಿ ಕಡಿಸಿದ ಜಮೀನಿನಲ್ಲಿ, ಬೊಡ್ಡೆ ತಪ್ಪಿಸಿಕೊಂಡು ಓಡಿಸುತ್ತಿದ್ದೇವೆ.