ತೋಟದವರು ನೋಡಿ: ‘ಐಪಿ 68’ ಅಂತ ನಂಬಿ ಫೋನ್ ತೆಗೆದುಕೊಳ್ಳಬೇಡಿ

22 ಸಾವಿರ ಹೋಯಿತು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮಳೆಗಾಲದಲ್ಲಿ ಫೋನ್ ಒದ್ದೆಯಾಗದೆ ಇರುವುದಿಲ್ಲ, ಹಾಗಾಗಿ ಏಪ್ರಿಲ್‌ನಲ್ಲಿ ಕಾಸರಗೋಡು ಪೇಟೆಗೆ ಹೋಗಿ ಒಂದು ಗಟ್ಟಿ ಫೋನ್ ತಂದೆ. ಡಬ್ಬದ ಮೇಲೆ ಐಪಿ 68 (ದೂಳು, ನೀರು ತಡೆಯುತ್ತದೆ ಅನ್ನುವ ಗುರುತು), ಮಿಲಿಟರಿ 810ಜಿ (ಗಟ್ಟಿತನದ ಗುರುತು) ಅಂತ ದೊಡ್ಡದಾಗಿ ಇತ್ತು. ಅಂಗಡಿಯವನು ನನ್ನೆದುರೇ ಫೋನನ್ನು ನೀರಿನ ಗ್ಲಾಸಿನಲ್ಲಿ ಮುಳುಗಿಸಿ, “ನೋಡಿ ಮಾರಾಯ್ರೆ, ಬಾವಿಗೆ ಬಿದ್ದರೂ ಏನೂ ಆಗುವುದಿಲ್ಲ” ಅಂದ. ನಂಬಿದೆ.

ಜೂನ್‌ನಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವಾಗ ಫೋನಿಗೆಲ್ಲ ಮೈಲುತುತ್ತು ಸುಣ್ಣದ ನೀರು ಹಾರಿತ್ತು. ಸಂಜೆ ಪಂಪಿನ ಪೈಪ್ ಹಿಡಿದು ಜೋರಾಗಿ ತೊಳೆದೆ. ಬೆಳಿಗ್ಗೆ ನೋಡಿದರೆ ಕ್ಯಾಮೆರಾ ಗಾಜಿನ ಒಳಗೆ ಮಂಜು. ಮಧ್ಯಾಹ್ನಕ್ಕೆ ಸ್ಕ್ರೀನ್ ಪೂರ್ತಿ ಕಪ್ಪು.

ಅಂಗಡಿಯವನು “ಅದು ನಮಗೆ ಬರುವುದಿಲ್ಲ, ಮಂಗಳೂರಿನ ಸರ್ವೀಸ್ ಸೆಂಟರಿಗೆ ಹೋಗಿ” ಅಂದ. ಅಲ್ಲಿಗೂ ಹೋದೆ. ಅಲ್ಲಿನ ಹುಡುಗ ಸಿಮ್ ಟ್ರೇ ಎಳೆದು, ಒಳಗೆ ಟಾರ್ಚ್ ಬಿಟ್ಟು ತೋರಿಸಿದ. ಸಾಸಿವೆ ಕಾಳಿನಷ್ಟು ಒಂದು ಸ್ಟಿಕ್ಕರ್. ಬಿಳಿ ಇರಬೇಕಾದದ್ದು ಕೆಂಪಾಗಿತ್ತು.

“ನೀರು ಹೋಗಿದೆ ಸರ್, ವಾರಂಟಿ ಸಿಗುವುದಿಲ್ಲ.”

“ನೀರು ಹೋಗುವುದಿಲ್ಲ ಅಂತ ತಾನೇ ಮಾರಿದ್ದು?”

“ಅದು ಲ್ಯಾಬ್ ಟೆಸ್ಟ್ ಸರ್.”

ಎಷ್ಟು ಸಲ ಕೇಳಿದರೂ ಅದೇ ಮಾತು. ಲ್ಯಾಬ್ ಟೆಸ್ಟ್ ಸರ್, ಲ್ಯಾಬ್ ಟೆಸ್ಟ್ ಸರ್. ಸುತ್ತ ಕೂತವರೆಲ್ಲ ನನ್ನನ್ನೇ ನೋಡುತ್ತಿದ್ದರು, ಮುಖ ಬಿಸಿಯಾಯಿತು. ವಾರಂಟಿ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ನೀರಿನ ಹಾನಿ ಸೇರಿಲ್ಲ ಅಂತ ಬರೆದೇ ಇತ್ತು.

ಆಮೇಲೆ ಕೂತು ಓದಿದೆ. 68ರಲ್ಲಿ 6 ದೂಳಿಗೆ, 8 ನೀರಿಗೆ. ನೀರಿನ ಅಂಕೆ 7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. 8 ಅದಕ್ಕಿಂತ ಜಾಸ್ತಿ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಅಂತ ಕಂಪೆನಿಯೇ ಹೇಳಬೇಕು. ಅದೂ ನಿಂತ ಸಿಹಿನೀರಿನಲ್ಲಿ, ಹೊಸ ಫೋನಿಗೆ. ಪೈಪಿನಿಂದ ರಭಸವಾಗಿ ಬೀಳುವ ನೀರಿನ ಪರೀಕ್ಷೆಯೇ ಬೇರೆ, ಅದಕ್ಕೆ ಎರಡನೇ ಅಂಕೆ 5 ಅಥವಾ 6 ಇರಬೇಕು. ನೀರಿನಲ್ಲಿ ಮುಳುಗಿ ಪಾಸಾದ ಫೋನ್ ಪೈಪಿನ ನೀರಿಗೂ ಪಾಸಾಗಿದೆ ಅಂತ ಅರ್ಥ ಅಲ್ಲ! ಇದನ್ನು ಒಬ್ಬನಾದರೂ ಹೇಳಬೇಕಿತ್ತಲ್ವಾ?

ಇನ್ನು 810ಜಿ. ಅದು ಅಮೆರಿಕದ ಸೇನೆಯ ಪರೀಕ್ಷಾ ಕ್ರಮ, ಅಷ್ಟೆ. ಸೇನೆಯವರು ಯಾವ ಫೋನಿಗೂ ಮುದ್ರೆ ಒತ್ತಿ ಕೊಡುವುದಿಲ್ಲ. ಯಾವ ಪರೀಕ್ಷೆ ಮಾಡಬೇಕು ಅಂತ ಕಂಪೆನಿಯೇ ಆರಿಸಿಕೊಳ್ಳುತ್ತದೆ. ಬೀಳಿಸುವ ಪರೀಕ್ಷೆಯಲ್ಲಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುತ್ತಾರೆ, ಆದರೆ ಕಾಂಕ್ರೀಟಿನ ಮೇಲೆ ಹಾಸಿದ ಪ್ಲೈವುಡ್ಡಿಗೆ. ಆ 26 ಸಲವನ್ನು 5 ಫೋನ್‌ಗಳಿಗೆ ಹಂಚಲೂಬಹುದು. ನಮ್ಮ ಮುರಕಲ್ಲಿನ ಅಂಗಳ ಅವರ ಲೆಕ್ಕದಲ್ಲಿಲ್ಲ.

ತೆಗೆದುಕೊಳ್ಳಲೇಬೇಕಾದರೆ 68ರ ಜೊತೆ 66 ಅಥವಾ 69 (9 ಅಂದರೆ ಇನ್ನೂ ರಭಸದ ಬಿಸಿನೀರಿನ ಪರೀಕ್ಷೆ) ಕೂಡ ಬರೆದಿದೆಯಾ ನೋಡಿ. ದುಡ್ಡು ಕೊಡುವ ಮೊದಲೇ ವಾರಂಟಿ ಕಾರ್ಡ್ ಬಿಚ್ಚಿಸಿ ಓದಿ. ಮದ್ದು ಬಿಡುವಾಗ ಮಾತ್ರ ಯಾವ ಫೋನೂ ಜೇಬಿನಲ್ಲಿ ಬೇಡ.

ಮೊನ್ನೆ ಆ ಅಂಗಡಿಯ ಮುಂದೆ ಹೋಗುವಾಗ ನೋಡಿದೆ. ಅದೇ ಗ್ಲಾಸ್, ಅದೇ ನೀರು, ಒಳಗೆ ಇನ್ನೊಂದು ಫೋನ್.