ಗುಂಯ್‌ಗುಡುವ ಬೇಸ್ ಜೊತೆ ಎರಡೂಮುಕ್ಕಾಲು ವರ್ಷ

ಈ ಸ್ಪೀಕರ್ ಜೋಡಿಗೆ ಮೊದಲ ಆರು ತಿಂಗಳು ನನ್ನ ಲೆಕ್ಕದಲ್ಲಿ ಎರಡೇ ಸ್ಟಾರ್. ಈಗ ನಾಲ್ಕೂವರೆ ಕೊಡ್ತೇನೆ. ಸ್ಪೀಕರ್ ಅದೇ, ಆಂಪ್ಲಿಫೈಯರ್ ಅದೇ, ವೈರೂ ಅದೇ. ಬದಲಾದದ್ದು ಸ್ಪೀಕರ್ ಇಟ್ಟ ಜಾಗ ಮತ್ತು ನಾನು ಕೂರುವ ಜಾಗ.

ಬುಕ್‌ಶೆಲ್ಫ್ ಸೈಜಿನ ಡಬ್ಬಿ, ಕೆಳಸ್ವರಕ್ಕೆ (ಬೇಸ್‌ಗೆ) ಐದು ಇಂಚಿನ ವೂಫರ್, ಹಿಂದೆ ಗಾಳಿ ಆಡಲಿಕ್ಕೆ ಪೋರ್ಟ್. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ, ಚಿರೆಕಲ್ಲಿನ ಗೋಡೆ, ಮೇಲೆ ಆರ್‌ಸಿಸಿ. ನನ್ನ ರೂಮು ಹತ್ತು ಅಡಿ ಅಗಲ, ಹನ್ನೊಂದು ಅಡಿ ಉದ್ದ, ಎತ್ತರವೂ ಹತ್ತೇ. ಈ ಅಳತೆ ನೆನಪಿಟ್ಟುಕೊಳ್ಳಿ, ಅಸಲಿ ಕಳ್ಳ ಇಲ್ಲೇ ಇದ್ದಾನೆ.

ತಂದ ದಿನ ಒಂದನ್ನು ಮೇಜಿನ ಮೇಲೆ ಮೂಲೆಗೊತ್ತಿ ಇಟ್ಟೆ, ಇನ್ನೊಂದನ್ನು ಕಪಾಟಿನ ತಲೆ ಮೇಲೆ. ಎದುರು ಗೋಡೆಗೆ ತಾಗಿದ ಮಂಚದಲ್ಲಿ ದಿಂಬಿಗೆ ಒರಗಿ ಕೂತು ಹಾಡು ಹಾಕಿದೆ. ಒಳಗಿನಿಂದ ಆಯಿ, "ಅಂಗಳಕ್ಕೆ ಲಾರಿ ಬಂತನಾ ತಮಾ?" ಅಂದಳು. ತಮಾಷೆಯಲ್ಲ, ನಿಜಕ್ಕೂ ಹಾಗೇ ಇತ್ತು. ತಬಲಾ ಜೋಡಿಯ ಎಡಗಡೆಯ ಡಗ್ಗಾದ ಒಂದೊಂದು ಪೆಟ್ಟೂ ಬಿದ್ದ ಮೇಲೆ ಎದ್ದು ಹೋಗುತ್ತಲೇ ಇರಲಿಲ್ಲ, ಗುಂಯ್ ಅಂತ ಅಲ್ಲೇ ಕೂತಿರುತ್ತಿತ್ತು. ಯಕ್ಷಗಾನದ ಹಳೇ ರೆಕಾರ್ಡಿಂಗ್ ಹಾಕಿದರೆ ಮಾತ್ರ ತಕರಾರಿಲ್ಲ. ಚಂಡೆಯ ಶಬ್ದ ಅಷ್ಟು ಕೆಳಗೆ ಇಳಿಯುವುದೇ ಇಲ್ಲವಲ್ಲ.

ಸ್ಪೀಕರ್ ಕೆಟ್ಟದ್ದು ಅಂತಲೇ ತೀರ್ಮಾನಿಸಿದ್ದೆ. ಅಷ್ಟರಲ್ಲಿ ಸಿದ್ದಾಪುರದ ಕಡೆ ಭಾವನ ಮನೆಯಲ್ಲಿ ಒಂದು ಕಾರ್ಯಕ್ರಮಕ್ಕೆ ಇದೇ ಜೋಡಿ ಒಯ್ದೆ. ಹಂಚಿನ ಮನೆ, ಹಲಗೆಯ ಅಡ್ಡಗೋಡೆ, ಅಂಗಳಕ್ಕೆ ತೆರೆದ ಜಗಲಿ. ಅಲ್ಲಿ ಬೇಸ್ ಎಷ್ಟು ಹದವಾಗಿತ್ತು ಅಂದರೆ ನನಗೇ ಅನುಮಾನ ಬಂತು. ಹಂಚಿನ ಸಂದಿ, ತೆಳು ಹಲಗೆ ಎಲ್ಲ ಕೆಳಸ್ವರವನ್ನು ಹೊರಗೆ ಬಿಟ್ಟುಬಿಡ್ತವೆ. ಕಲ್ಲು, ಕಾಂಕ್ರೀಟು ಬಿಡುವುದಿಲ್ಲ, ವಾಪಸ್ ಎಸೆಯುತ್ತವೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಮೀಟರಿಗೆ ಬದಲಿಸಿದ ರೂಮಿನ ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಆ ರೂಮು ಯಾವ ಸ್ವರಕ್ಕೆ ಮೊದಲು ದನಿಗೂಡಿಸ್ತದೆ ಅನ್ನುವುದು ಸಿಗ್ತದೆ. ಹನ್ನೊಂದು ಅಡಿಗೆ 51 ಹರ್ಟ್ಸ್, ಅಂದರೆ ಸೆಕೆಂಡಿಗೆ 51 ಕಂಪನ. ಹತ್ತು ಅಡಿಗೆ 56. ನನ್ನಲ್ಲಿ ಅಗಲವೂ ಎತ್ತರವೂ ಹತ್ತೇ ಆದ್ದರಿಂದ 56 ಎರಡೆರಡು ಸಲ. ಬೇಸ್ ಗಿಟಾರಿನ ಎ ತಂತಿಯನ್ನು ಖಾಲಿ ಮೀಟಿದರೆ 55 ಹರ್ಟ್ಸ್! ಸಿನಿಮಾ ಹಾಡುಗಳಲ್ಲಿ ಆ ಸ್ವರ ಬಂದಾಗೆಲ್ಲ ಕಿಟಕಿ ಗಾಜು ಯಾಕೆ ನಡುಗುತ್ತಿತ್ತು ಅಂತ ಆಗ ಗೊತ್ತಾಯ್ತು. ಮೊಬೈಲಿನಲ್ಲಿ ಟೋನ್ ಆ್ಯಪ್ ಹಾಕಿ, ಅದನ್ನು ಸ್ಪೀಕರಿಗೆ ಜೋಡಿಸಿ, 40ರಿಂದ ಒಂದೊಂದೇ ಹರ್ಟ್ಸ್ ಏರಿಸುತ್ತಾ ರೂಮಿನಲ್ಲಿ ಓಡಾಡಿ ನೋಡಿ. 56 ಬಂದಾಗ ಗೋಡೆ ಬದಿಯಲ್ಲಿ ಕಿವಿ ಕಟ್ಟುವಷ್ಟು, ರೂಮಿನ ನಡುವೆ ಬಂದರೆ ಯಾರೋ ಸ್ವಿಚ್ ಆರಿಸಿದ ಹಾಗೆ.

ಇದು ಗೊತ್ತಾಗುವ ಮುಂಚೆಯೇ ಒಂದು ದಡ್ಡ ಕೆಲಸ ಮಾಡಿಯಾಗಿತ್ತು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ "ಬೇಸ್ ಕಮ್ಮಿ ಆಗ್ತದ ಸರ್, ಗ್ಯಾರಂಟಿ" ಅಂತ ಎರಡು ಇಂಚಿನ ಫೋಮ್ ಶೀಟು ಹನ್ನೆರಡು ಕಟ್ಟಿಕೊಟ್ಟಿದ್ದರು. 56 ಹರ್ಟ್ಸಿನ ಅಲೆ ಒಂದರ ಉದ್ದ ಆರು ಮೀಟರಿಗೂ ಹೆಚ್ಚು. ಅದಕ್ಕೆ ಎರಡು ಇಂಚಿನ ಫೋಮ್ ಅಂದರೆ ಅಘನಾಶಿನಿ ಹೊಳೆಗೆ ಸೊಳ್ಳೆಪರದೆ ಕಟ್ಟಿದ ಹಾಗೆ. ಹಾಡಿನ ಮೇಲುಸ್ವರದ ಹೊಳಪು ಹೋಯ್ತು, ಗುಂಯ್ ಹಾಗೇ ಉಳಿಯಿತು. ಜುಲೈ ಬರುವಷ್ಟರಲ್ಲಿ ಫೋಮಿಗೆ ಬೂಷ್ಟು ಹಿಡಿದು ರೂಮಿಡೀ ಮುಗ್ಗಲು ವಾಸನೆ. ಕಿತ್ತು ಕೊಟ್ಟಿಗೆ ಅಟ್ಟಕ್ಕೆ ಹಾಕಿದೆ.

ಆಮೇಲೆ ಪೋರ್ಟಿಗೆ ಕಾಲುಚೀಲ. ಇದು ಕೆಲಸ ಮಾಡ್ತದೆ. ಸುರುಳಿ ಸುತ್ತಿ ತುರುಕಿದರೆ ಡಬ್ಬಿ ಹೆಚ್ಚುಕಮ್ಮಿ ಮುಚ್ಚಿದ ಡಬ್ಬಿಯ ಹಾಗೆ ಆಗಿ ಕೆಳಸ್ವರ ಬೇಗ ಇಳಿಯಲು ಶುರುವಾಗ್ತದೆ. ಗೋಡೆಗೆ ತಾಗಿಸಿಯೇ ಇಡಬೇಕಾದವರಿಗೆ ಮೊದಲ ಮದ್ದು ಇದೇ. ಆದರೆ ವಾಲ್ಯೂಮ್ ಜಾಸ್ತಿ ಕೊಡಬೇಡಿ, ಪೋರ್ಟ್ ಮಾಡುತ್ತಿದ್ದ ದುಡಿಮೆಯೂ ವೂಫರಿನ ಅದುರುವ ಕೋನಿನ ಮೇಲೇ ಬೀಳ್ತದೆ. ನಾಲ್ಕು ತಿಂಗಳು ಹಾಗೇ ಕೇಳಿದೆ. ಗುಂಯ್ ತಗ್ಗಿತು, ಆದರೆ ತಂಬೂರಿಯ ಖರ್ಜದ (ಕೆಳಗಿನ ಸಾ) ತಂತಿಯೂ ಸೊರಗಿತು.

ನಿಜವಾದ ಬದಲಾವಣೆ ಒಂದು ಭಾನುವಾರ ಆದದ್ದು, ಅದೂ ಬಿಟ್ಟಿ. ಮಂಚ ಪಕ್ಕದ ಗೋಡೆಗೆ ಸರಿಸಿದೆ. ಎರಡೂ ಸ್ಪೀಕರ್‌ಗಳನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಹಿಂಗೋಡೆಯಿಂದ ಎರಡು ಅಡಿ ಮುಂದೆ, ಎಡಬಲದ ಗೋಡೆಗಳಿಂದ ಸಮದೂರದಲ್ಲಿ ಇಟ್ಟೆ. ಹಾಗೆ ಇಟ್ಟು ಸರಿ ನಡುಗೆರೆಯ ಮೇಲೆ ಕೂತರೆ ಅಗಲದ ಗುಂಯ್ ತನ್ನಷ್ಟಕ್ಕೆ ಕಡಿದುಹೋಗ್ತದೆ. ಕುರ್ಚಿಯನ್ನು ಬೆನ್ನಹಿಂದಿನ ಗೋಡೆಯಿಂದ ನಾಲ್ಕು ಅಡಿ ಮುಂದೆ ತಂದೆ, ಅಂದರೆ ಉದ್ದದ ಸುಮಾರು ಶೇ. 36ರಲ್ಲಿ. ಇನ್ನೂ ಮುಂದೆ ಬಂದು ಸರಿ ಅರ್ಧಕ್ಕೆ ಕೂರಬೇಡಿ, ಬೇಸೇ ಮಾಯವಾಗ್ತದೆ. ಅವತ್ತು ಸಂಜೆ ಡಗ್ಗಾದ ಮೀಂಡು ಕೇಳಿಸಿತು, ಅಂಗೈ ಉಜ್ಜುತ್ತಾ ಸ್ವರ ಏರುವುದು. ಇಷ್ಟು ದಿನ ಅದು ಬರೀ ಒಂದೇ ಧಂ ಆಗಿತ್ತು.

ಉಳಿದದ್ದು ಎತ್ತರದ 56. ಛಾವಣಿಯನ್ನು ಸರಿಸಲಿಕ್ಕಾಗುವುದಿಲ್ಲ. ಅದಕ್ಕೆ ಅಳತೆಯ ಮೈಕು ಒಂದನ್ನು ಗೆಳೆಯನಿಂದ ಎರವಲು ತಂದು, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶದಲ್ಲಿ ನೋಡಿದೆ. ಕುರ್ಚಿಯ ಹತ್ತಿರ 56ರಲ್ಲಿ ಗ್ರಾಫಿನ ಗೆರೆ ಇನ್ನೂ 7 ಡಿಬಿ (ಡೆಸಿಬೆಲ್, ಶಬ್ದದ ಜೋರಿನ ಅಳತೆ) ಎತ್ತರದ ಗುಡ್ಡ. ಕಂಪ್ಯೂಟರಿನಲ್ಲಿ ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಇಕ್ವಲೈಝರ್ ಎಪಿಒ ತಂತ್ರಾಂಶ ಹಾಕಿ ಆ 56 ಹರ್ಟ್ಸ್ ಒಂದನ್ನೇ 6 ಡಿಬಿ ತಗ್ಗಿಸಿದೆ. ಗುಡ್ಡ ಕಡಿಯಬಹುದು, ಹೊಂಡ ತುಂಬಲು ಹೋಗಬೇಡಿ. ಹೊಂಡಕ್ಕೆ ಎಷ್ಟು ಸುರಿದರೂ ಅಷ್ಟನ್ನೂ ರೂಮು ನುಂಗ್ತದೆ, ಆಂಪ್ಲಿಫೈಯರ್ ಬಿಸಿಯಾಗುವುದೊಂದೇ ಲಾಭ. ಮೊಬೈಲಿನ ಐದು ಪಟ್ಟಿಯ ಇಕ್ವಲೈಝರಿನಲ್ಲಿ 60 ಹರ್ಟ್ಸಿನ ಪಟ್ಟಿ ಇಳಿಸಿದರೂ ಅರ್ಧ ಗುಣ ಕಾಣ್ತದೆ. ಆದರೆ ಅದು ಅಕ್ಕಪಕ್ಕದ ಸ್ವರಗಳನ್ನೂ ಸೇರಿಸಿಯೇ ಎಳೆದೊಯ್ಯುತ್ತದೆ. ಕಾಲುಚೀಲ ಅವತ್ತೇ ತೆಗೆದೆ.

ನಡುವೆ ಒಂದು ಅಡ್ಡ ಪ್ರಯೋಗವೂ ಆಯ್ತು. ಕಳೆದ ವರ್ಷ ಅಪ್ಪಯ್ಯ ಜಾಗ ಸಾಲದೆ ನಾಲ್ಕು ಚೀಲ ಚಾಲಿ ಅಡಿಕೆಯನ್ನು ನನ್ನ ರೂಮಿನ ಮೂಲೆಯಲ್ಲಿ ಪೇರಿಸಿದ. ನನಗೋ ಖುಷಿ, ಬೇಸ್ ಹೀರ್ತದೆ ಅಂತ. ಅಳೆದರೆ 56ರಲ್ಲಿ ಒಂದು ಡಿಬಿಯೂ ಕಮ್ಮಿಯಿಲ್ಲ. ದರ ಬಂದಾಗ ಚೀಲ ಹೋಯ್ತು, ಬೇಸ್ ಅಲ್ಲೇ ಇತ್ತು.

ಬಾಳಿಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರು ಮಳೆಗಾಲ ಕಂಡಿದೆ, ವೂಫರಿನ ರಬ್ಬರ್ ಇನ್ನೂ ಹಾಳಾಗಿಲ್ಲ, ಕರೆಂಟು ಹೋಗಿ ಬಂದು ಮಾಡಿದ್ದಕ್ಕೂ ಏನಾಗಿಲ್ಲ. ಮುಂದಿನ ಜಾಲರಿ ಬಟ್ಟೆಗೆ ಬೂಷ್ಟು ಬರ್ತದೆ, ಮಳೆಗಾಲದಲ್ಲಿ ಬಿಚ್ಚಿ ಇಡುವುದೇ ಒಳ್ಳೆಯದು. ಮೊನ್ನೆ ಎಡಗಡೆಯದ್ದು ಕರಕರ ಅಂತಿತ್ತು. ವೈರ್ ಬಿಚ್ಚಿ ನೋಡಿದರೆ ತುದಿಯ ತಾಮ್ರ ಹಸಿರಾಗಿತ್ತು. ಎರಡು ಇಂಚು ಕತ್ತರಿಸಿ, ಹೊಸದಾಗಿ ಸುಲಿದು ಸಿಕ್ಕಿಸಿದೆ, ಸರಿಹೋಯ್ತು.