ಸಂಪಂಗಿ ಕೆರೆ ನಡಿಗೆ: ಇದ್ದ ಕೆರೆಯನ್ನು ಹುಡುಕಿಕೊಂಡು

ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ ಅಂತ ಬೆಂಗಳೂರಿನವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಆದರೆ ಅದನ್ನು ಆ ನೀರಲ್ಲಿ ತೋಟ ಮಾಡಿದವರ ಮೊಮ್ಮಕ್ಕಳ ಬಾಯಲ್ಲಿ ಕೇಳಿದ್ದು ಹೋದ ಭಾನುವಾರ, ತಿಗಳ ಸಮುದಾಯದ ಕೆಲವರು ಸೇರಿ ನಡೆಸುವ ನಡಿಗೆಯಲ್ಲಿ.

ಬೆಳಿಗ್ಗೆ ಆರೂವರೆಗೆ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿ ಮುಂದೆ ಸೇರಿದೆವು. ಚೈತ್ರ ಹುಣ್ಣಿಮೆಯ ರಾತ್ರಿ ಕರಗ, ಅಂದರೆ ದ್ರೌಪದಿಯ ಹೆಸರಲ್ಲಿ ಹೂವಿಂದ ಸಿಂಗರಿಸಿ ತಲೆ ಮೇಲೆ ಹೊರುವ ಕಳಶ, ಹೊರಡುವುದು ಇಲ್ಲಿಂದಲೇ. ಗುಡಿಯ ಬಗ್ಗೆ ಹೆಚ್ಚು ಹೊತ್ತು ಹೇಳಲಿಲ್ಲ, ಅದೇ ಒಳ್ಳೆಯದಾಯಿತು, ಯಾಕೆಂದರೆ ಇವರ ಮನಸ್ಸಿದ್ದದ್ದು ನೀರಿನ ಮೇಲೆ.

ದಾರಿ ತೋರಿಸಿದ ತಾತ ಒಂದು ಮರದ ಬುಡದಲ್ಲಿ ಕೂತು, ಕಡ್ಡಿಯಿಂದ ಮಣ್ಣಲ್ಲಿ ಪಾತಿ ಬರೆದು ತೋರಿಸಿದರು. ಕೆರೆ ಏರಿ ಇಲ್ಲಿ, ತೂಬು ಇಲ್ಲಿ, ಕಾಲುವೆ ಹೀಗೆ ಬರುತ್ತದೆ, ಒಂದು ಪಾತಿ ತುಂಬಿದ ಮೇಲೆ ಗುದ್ದಲಿಯಲ್ಲಿ ಮಣ್ಣು ಎಳೆದು ಪಕ್ಕದ ಪಾತಿಗೆ ನೀರು ತಿರುಗಿಸಬೇಕು ಅಂತ ಹೇಳುತ್ತಾ ಅವರ ಕೈ ತಾನಾಗಿಯೇ ಆ ಕೆಲಸ ಮಾಡುತ್ತಿತ್ತು. ‘ತಾತ, ನೀವೂ ನೀರು ಕಟ್ಟಿದ್ದೀರಾ?’ ಅಂತ ಒಬ್ಬಳು ಹುಡುಗಿ ಕೇಳಿದಳು. ‘ನಾನಲ್ಲಮ್ಮ, ನಮ್ಮಪ್ಪ. ನಾನು ಸೊಪ್ಪಿನ ಕಟ್ಟು ಹೊತ್ತಿದ್ದೀನಿ, ಅಷ್ಟೇ’ ಅಂದರು.

ಕೆರೆ ಹೇಗೆ ಹೋಯಿತು ಅನ್ನುವುದನ್ನು ಚೆನ್ನಾಗಿ ಬಿಡಿಸಿ ಹೇಳಿದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಆಮೇಲೆ ಊರಿನವರಿಗೆ ಕೆರೆ ನೀರು ಬೇಡವಾಯಿತು, ತೋಟದವರಿಗೆ ಮಾತ್ರ ಬೇಕಿತ್ತು. ಅವರ ಮಾತು ಎಷ್ಟು ನಡೆಯುತ್ತದೆ, ಅಲ್ವಾ? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಇಲ್ಲಿ ಸ್ಟೇಡಿಯಂ ಬಂತು, 1997ರ ರಾಷ್ಟ್ರೀಯ ಕ್ರೀಡಾಕೂಟವೂ ನಡೆಯಿತು.

ಕೊನೆಗೆ ಕರಗಕ್ಕೆಂದು ಉಳಿಸಿಕೊಂಡಿರುವ ಪುಟ್ಟ ಕೊಳ. ಹಸಿ ಕರಗ, ಅಂದರೆ ಹಸಿ ಮಣ್ಣಿನ ಕರಗ, ಬರುವುದು ಈ ಸಂಪಂಗಿ ಕೆರೆಯಿಂದಲೇ. ಅಷ್ಟು ದೊಡ್ಡ ಕೆರೆಯಲ್ಲಿ ಉಳಿದದ್ದು ಇಷ್ಟು. ಚಪ್ಪಲಿ ಬಿಟ್ಟು ನಿಂತೆವು, ಫೋಟೊ ಬೇಡ ಅಂದರು, ಯಾರೂ ತೆಗೆಯಲಿಲ್ಲ. ನನಗೆ ಗಂಟಲು ಕಟ್ಟಿತು.

ಸರಿಮಾಡಿಕೊಳ್ಳಬೇಕಾದದ್ದೂ ಇದೆ. ನಲವತ್ತು ಜನ ಜಾಸ್ತಿಯಾಯಿತು. ಹಡ್ಸನ್ ವೃತ್ತದ ಗದ್ದಲದಲ್ಲಿ ಹಿಂದಿದ್ದವರಿಗೆ ಒಂದು ಮಾತೂ ಕೇಳಿಸಲಿಲ್ಲ. ಒಂದು ಸಣ್ಣ ಮೈಕ್ ಇಟ್ಟುಕೊಳ್ಳಿ, ಇಲ್ಲವೇ ಇಪ್ಪತ್ತು ಜನ ಸಾಕು. ಮಂಡಿ ನೋವಿರುವವರು ಯೋಚಿಸಿ ಬನ್ನಿ, ಮೂರು ಗಂಟೆಯಲ್ಲಿ ಕೂರಲು ಸಿಕ್ಕಿದ್ದು ಒಂದೇ ಸಲ. ಇಷ್ಟೇ ದುಡ್ಡು ಅಂತ ಇಲ್ಲ, ಕೊನೆಯಲ್ಲಿ ಕೈಲಾದಷ್ಟು ಕೊಡಬಹುದು, ದಯವಿಟ್ಟು ಕೈ ಬಿಗಿ ಹಿಡಿಯಬೇಡಿ.

ಇನ್ನೊಂದು ಕೋರಿಕೆ. ಕರಗ ಪ್ರತಿ ವರ್ಷ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ. ಅದನ್ನು ಎರಡು ಮಾತಲ್ಲಿ ಮುಗಿಸಿಬಿಟ್ಟರು. ಅಲ್ಲಿಗೂ ಒಂದು ನಡಿಗೆ ಇಡಿ ತಾತ, ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ.